ಕಾಲುವೆ ದಾರಿಯಲ್ಲಿ ನಡೆಯುವವರಿಗೆ

ಬೆಂಗಳೂರಿನವರಿಗೆ 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿನ ನೆರಳಿದೆ. ಶ್ರೀರಾಮನಗರ, ಗಂಗಾವತಿ ಸೀಮೆಯ ನಮಗೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆಗಳ ಪಕ್ಕದ ದಾರಿಗಳಿವೆ. ವಾಕಿಂಗ್‌ನವರು, ಸೈಕಲ್ಲು, ಟ್ರ್ಯಾಕ್ಟರು, ಎಮ್ಮೆ ಎಲ್ಲಕ್ಕೂ ಅದೇ ದಾರಿ.

ಫುಟ್‌ಪಾತ್ ಇಲ್ಲದ ಕಡೆ ಬಲಬದಿಗೆ ನಡೆಯಿರಿ; ಎದುರಿನ ವಾಹನ ಕಣ್ಣಿಗೆ ಬೀಳುತ್ತದೆ. ಸೈಕಲ್ಲಿನವರು ಎಡಕ್ಕೇ ಇದ್ದು, ಹತ್ತಿರ ಬರುವ ಮೊದಲೇ ಬೆಲ್ ಮಾಡಲಿ. ಅದು ಕೇಳಬೇಕಾದರೆ ನಡೆಯುವವರ ಕಿವಿಯಲ್ಲಿ ಇಯರ್‌ಫೋನ್ ಇರಬಾರದು. ಅಕ್ಕಪಕ್ಕ ಹರಟುತ್ತ ಹೋಗುವ ಸುಖ ನನಗೂ ಗೊತ್ತು, ಆದರೆ ಟ್ರ್ಯಾಕ್ಟರ್ ಸದ್ದಾದೊಡನೆ ಒಬ್ಬರ ಹಿಂದೊಬ್ಬರಾಗಿ.

ಕೊಯ್ಲಿನ ಕಾಲದಲ್ಲಿ ಇನ್ನೂ ಎಚ್ಚರ ಬೇಕು. ಅರ್ಧ ರಸ್ತೆಗೆ ಭತ್ತ ಹರಡಿ, ಅಂಚಿಗೆ ಕಲ್ಲಿಟ್ಟಿರುತ್ತಾರೆ. ಕಾಳಿನ ಮೇಲೆ ಚಕ್ರ ಜಾರುತ್ತದೆ, ನಸುಕಿನಲ್ಲಿ ಕಲ್ಲು ಕಾಣುವುದಿಲ್ಲ. ಇಳಿದು ತಳ್ಳಿಕೊಂಡು ಹೋಗಿ. ರೈತ ಬಂಧುಗಳೇ, ಭತ್ತ ಎತ್ತುವಾಗ ದಯವಿಟ್ಟು ಆ ಕಲ್ಲುಗಳನ್ನೂ ಎತ್ತಿಡಿ.

ಮುಖ ತೊಳೆಯಲೆಂದು ಕಾಲುವೆಗೆ ಇಳಿಯಲೇಬೇಡಿ. ಸಿಮೆಂಟಿನ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ. ಕಾಲು ಜಾರಿದರೆ ಈಜು ಬಲ್ಲವರಿಗೂ ಹಿಡಿಯಲು ಏನೂ ಸಿಗದು. ಮಕ್ಕಳು ಜೊತೆಗಿದ್ದರೆ ನೀರಿನ ಬದಿಗೆ ನೀವಿರಿ, ಕೈ ಬಿಡಬೇಡಿ.