ಮನೆಯ ಶುದ್ಧಿ: ಬೂದಿ, ಹುಣಸೆ, ಅಂಟುವಾಳಗಳ ಕುರಿತಾದ ಪಾಠ

ಓದತಕ್ಕ ವಾಕ್ಯಗಳು: ಯೆರೆಮೀಯ 2:22, ಮಲಾಕಿಯ 3:2.

ಮೇಲೆ ತೋರಿಸಿದ ವಾಕ್ಯಗಳಲ್ಲಿ ಪ್ರವಾದಿಗಳು ಪಾಪದ ಕಲೆಯನ್ನೂ ಕರ್ತನ ಬರೋಣವನ್ನೂ ಕುರಿತು ಮಾತಾಡುವಾಗ ಅಗಸರ ಸಾಮಗ್ರಿಗಳಿಂದ ಸಾಮ್ಯವನ್ನು ತೆಗೆದುಕೊಂಡಿದ್ದಾರೆ. ಯೆರೆಮೀಯನು ಹೇಳುವ ಎರಡರಲ್ಲಿ ಒಂದು, ಐಗುಪ್ತ ದೇಶದ ಕೆರೆಗಳ ದಡದಲ್ಲಿ ದೊರೆಯುವಂಥ ಸೌಳು. ಮತ್ತೊಂದು, ಗಿಡಗಳನ್ನು ಸುಟ್ಟ ಬೂದಿಯಿಂದ ತೆಗೆದ ಕ್ಷಾರ. ಇವು ಮನುಷ್ಯನ ಅಂತರಂಗದ ಕಲೆಯನ್ನು ತೆಗೆಯಲಾರವೆಂಬದೇ ಪ್ರವಾದಿಯ ತಾತ್ಪರ್ಯ. ಆದರೆ ಬಟ್ಟೆಯ ಮತ್ತು ಪಾತ್ರೆಯ ಕೊಳೆಯನ್ನು ಅವು ತೆಗೆಯುತ್ತಿದ್ದವೆಂಬದು ಅವನ ಕೇಳುಗರೆಲ್ಲರಿಗೂ ತಿಳಿದದ್ದೇ. ಈ ಪಾಠದಲ್ಲಿ ನಾವು ಈ ಎರಡನೆಯ ಸಂಗತಿಯನ್ನು ಮಾತ್ರ ನೋಡೋಣ.

ಈಗ ಹಳ್ಳಿಯ ಅಂಗಡಿಯಲ್ಲಿಯೂ ಬಣ್ಣ ಬಣ್ಣದ ತೊಳೆಯುವ ದ್ರಾವಕಗಳು ದೊರೆಯುತ್ತವೆ. ನೆಲಕ್ಕೆ ಒಂದು, ಪಾತ್ರೆಗೆ ಒಂದು, ಪಾಯಿಖಾನೆಗೆ ಒಂದು ಎಂದು ಕೊಳ್ಳುವ ಮನೆಗೆ ಖರ್ಚೂ ಅಪಾಯವೂ ಕೂಡಿಯೇ ಬರುತ್ತವೆ. ಇವುಗಳಲ್ಲಿ ಅನೇಕವು ಮಾಡುವ ಕೆಲಸವನ್ನು ನಮ್ಮ ಅಜ್ಜಿಯರು ಒಲೆಯ ಬೂದಿಯಿಂದಲೂ ಹಿತ್ತಲಿನ ಕಾಯಿಯಿಂದಲೂ ಮಾಡುತ್ತಿದ್ದರು. ಯಾವದು ಯಾವ ಕೆಲಸಕ್ಕೆ, ಯಾಕೆ, ಎಂಬದನ್ನು ತಿಳಿದುಕೊಂಡರೆ ಸಾಕು.

ಮೊದಲು ಬೂದಿ. ಕಟ್ಟಿಗೆಯ ಬೂದಿಯಲ್ಲಿ ಕ್ಷಾರವುಂಟು. ಎಣ್ಣೆಯ ಜಿಡ್ಡು ಕ್ಷಾರದೊಡನೆ ಕೂಡಿದಾಗ ಒಂದು ಬಗೆಯ ಸಾಬೂನಾಗಿ ಮಾರ್ಪಡುತ್ತದೆ. ಆದಕಾರಣ ಜಿಡ್ಡಿನ ಬಾಣಲೆಗೆ ಬಿಸಿನೀರನ್ನೂ ಬೂದಿಯನ್ನೂ ಹಾಕಿ ತೆಂಗಿನ ನಾರಿನಿಂದ ಉಜ್ಜುವವಳು ತಾನರಿಯದೆ ಆ ಬಾಣಲೆಯಲ್ಲಿಯೇ ತುಸು ಸಾಬೂನನ್ನು ಹುಟ್ಟಿಸುತ್ತಾಳೆ. ಒರಟು ಬಟ್ಟೆಗೆ ಬೇಕಾದರೆ, ಒಂದು ಪಾಲು ಜರಡಿ ಹಿಡಿದ ಬೂದಿಗೆ ಮೂರು ಪಾಲು ನೀರು ಬೆರಸಿ ಮಣ್ಣಿನ ಪಾತ್ರೆಯಲ್ಲಿ ಒಂದು ರಾತ್ರಿ ಇಟ್ಟು, ಮೇಲಿನ ತಿಳಿಯನ್ನು ಬಸಿದುಕೊಳ್ಳಬೇಕು. ಈ ತಿಳಿಯು ಕೈಗೆ ಜಾರುತ್ತದೆ. ಹೆಚ್ಚು ಹೊತ್ತು ತಗಲಿದರೆ ಚರ್ಮವನ್ನು ಕೊರೆಯುತ್ತದೆ, ಕಣ್ಣಿಗೆ ಬಿದ್ದರೆ ಬಹು ಹಾನಿ. ಸಸ್ಯಗಳದ್ದೆಂಬ ಮಾತ್ರಕ್ಕೆ ಇದು ಸಾಧುವಾದದ್ದೆಂದು ತಿಳಿಯಬಾರದು. ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ಕು, ಕಸ ಇವುಗಳನ್ನು ಸುಟ್ಟ ಬೂದಿ ಪಾತ್ರೆಗೆ ಎಂದಿಗೂ ಕೂಡದು. ಅಲ್ಯುಮಿನಿಯಮ್ ಪಾತ್ರೆಗಳಿಗಂತೂ ಬೂದಿ ಬೇಡ. ಕ್ಷಾರವು ಆ ಲೋಹವನ್ನೇ ತಿನ್ನುತ್ತದೆ. ಅಡಿಗೆಗೆ ಗ್ಯಾಸ್ ಬಂದ ಮನೆಯವರಿಗೆ ನೀರು ಕಾಯಿಸುವ ಹಂಡೆಯ ಒಲೆಯ ಬೂದಿಯೇ ಗತಿ.

ಹುಣಸೆಹಣ್ಣಿನ ಗುಣವು ಇದಕ್ಕೆ ವಿರೋಧವಾದದ್ದು. ತಾಮ್ರ ಹಿತ್ತಾಳೆಗಳ ಮೇಲಿನ ಕಪ್ಪೂ ಹಸುರು ಕಿಲುಬೂ ಹುಳಿಯಲ್ಲಿ ಕರಗುತ್ತವೆ, ಜಿಡ್ಡು ಕರಗುವದಿಲ್ಲ. ಆಲಯದ ಕಾಣಿಕೆಯ ತಟ್ಟೆಯು ಹಿತ್ತಾಳೆಯದ್ದಾಗಿದ್ದರೆ, ಸಾರಿಗೆ ಹಿಂಡಿ ಉಳಿದ ಹುಣಸೆಯ ಗಸಿಗೆ ಚಿಟಿಕೆ ಉಪ್ಪು ಸೇರಿಸಿ ತಿಕ್ಕಿ ಕೂಡಲೇ ತೊಳೆದು ಒರಸಿದರೆ ಹೊಸದರಂತಾಗುವದು. ಆದರೆ ತಾಮ್ರವನ್ನು ಕರಗಿಸುವ ಅದೇ ಗುಣದ ದೆಸೆಯಿಂದ, ಕಲಾಯಿಯಿಲ್ಲದ ಪಾತ್ರೆಯಲ್ಲಿ ಹುಳಿಯನ್ನು ಬೇಯಿಸಿ ಇಟ್ಟು ಉಂಡವರಿಗೆ ವಾಂತಿಯಾಗುತ್ತದೆ.

ಕೆಲವರು ಸೋಡಾಪುಡಿಯ ಮೇಲೆ ನಿಂಬೆರಸ ಹಿಂಡಿ, ನೊರೆ ಉಕ್ಕುವದನ್ನು ಕಂಡು, ಕೊಳೆ ಹೋಯಿತೆಂದು ಸಂತೋಷಪಡುತ್ತಾರೆ. ಹುಳಿಯೂ ಕ್ಷಾರವೂ ಕೂಡಿದರೆ ಒಂದನ್ನೊಂದು ಕೊಂದು ಬರಿಯ ಉಪ್ಪುನೀರಾಗುತ್ತವೆ. ಬೇರೆ ಬೇರೆಯಾಗಿ ಉಪಯೋಗಿಸಿದರೆ ಎರಡೂ ಕೆಲಸಕ್ಕೆ ಬರುತ್ತಿದ್ದವು!

ಅಂಟುವಾಳ ಕಾಯಿಯ ಸಿಪ್ಪೆಯಲ್ಲಿ ನೀರಿನೊಡನೆ ನೊರೆಯುವ ಸಾರವುಂಟು; ಸೀಗೆಕಾಯಿಯಲ್ಲಿಯೂ ಅಂಥದ್ದೇ. ಇದು ಕ್ಷಾರದಂತೆ ಉಗ್ರವಲ್ಲದ್ದರಿಂದ ರೇಷ್ಮೆ ಉಣ್ಣೆಗಳಿಗೆ ತಕ್ಕದ್ದು. ಅಕ್ಕಸಾಲಿಗರೂ ಒಡವೆಗಳನ್ನು ಇದರಲ್ಲಿಯೇ ತೊಳೆಯುತ್ತಾರೆ. ಬೀಜ ತೆಗೆದ ಹತ್ತು ಹನ್ನೆರಡು ಸಿಪ್ಪೆಗಳನ್ನು ಒಂದು ಲೀಟರು ನೀರಿನಲ್ಲಿ ರಾತ್ರಿ ನೆನೆಯಿಸಿ, ಬೆಳಿಗ್ಗೆ ಕಾಲು ತಾಸು ಕುದಿಸಿ, ಆರಿದ ಮೇಲೆ ಕಿವುಚಿ ಸೋಸಬೇಕು. ಮೂರು ನಾಲ್ಕು ದಿನಗಳಲ್ಲಿ ಕೆಡುವದರಿಂದ ಬೇಕಾದಷ್ಟೇ ಮಾಡಿಕೊಳ್ಳುವದು ಲೇಸು. ಮಕ್ಕಳ ಕಣ್ಣಿಗೆ ತಾಕಿದರೆ ಬಹಳ ಉರಿಯುತ್ತದೆ. ಈ ನೀರನ್ನು ಮೀನಿರುವ ಕೆರೆಗೆ ಹರಿಯಬಿಡಬಾರದು, ಯಾಕಂದರೆ ಅದು ಮೀನಿಗೆ ವಿಷ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕಾಗಿದೆ. ಕೊಳೆ ಹೋಗುವದು ಬೇರೆ, ರೋಗಬೀಜ ಸಾಯುವದು ಬೇರೆ. ವಾಂತಿಭೇದಿಯ ಕಾಲದಲ್ಲಿ ಬಾವಿಗೆ ನಿಂಬೆಯಾಗಲಿ ಅಂಟುವಾಳವಾಗಲಿ ಸಾಲದು. ಅಲ್ಲಿಗೆ ಬೇಕಾದದ್ದು ಬ್ಲೀಚಿಂಗ್ ಪುಡಿ, ಅದೂ ಆರೋಗ್ಯ ಕಾರ್ಯಕರ್ತರು ಹೇಳಿದ ಅಳತೆಯಲ್ಲಿ. ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿರುವಾಗ, ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲಿ, ಹೆಣ ಕೊಯ್ದು ಬರುವ ವೈದ್ಯವಿದ್ಯಾರ್ಥಿಗಳು ಇದೇ ಬಗೆಯ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆ ಮಾಡಿದನು. ಆ ವರುಷದ ಏಪ್ರಿಲ್ ತಿಂಗಳಲ್ಲಿ ನೂರಕ್ಕೆ ಸುಮಾರು 18ರಂತೆ ಇದ್ದ ಮರಣವು ಜೂನ್ ತಿಂಗಳಲ್ಲಿ ಸುಮಾರು ಎರಡಕ್ಕೆ ಇಳಿಯಿತು. ಇಂಥದನ್ನು ಅಂಗಡಿಯ ವಿಷವೆಂದು ತಳ್ಳಿಬಿಡುವದು ಭಕ್ತಿಯಲ್ಲ, ಬುದ್ಧಿಯೂ ಅಲ್ಲ.

ಆದರೆ ಬ್ಲೀಚಿಂಗ್ ಪುಡಿಯನ್ನು ಪಾಯಿಖಾನೆ ತೊಳೆಯುವ ಆಸಿಡ್ಡಿನೊಡನೆ ಬೆರಸಿದರೆ ಕ್ಲೋರಿನ್ ಎಂಬ ಹಳದಿ ಹಸುರಿನ ಹೊಗೆ ಏಳುತ್ತದೆ. 1915ನೆಯ ಇಸವಿಯಲ್ಲಿ ಬೆಲ್ಜಿಯಮ್ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯವು ಶತ್ರುಗಳ ಮೇಲೆ ಬಿಟ್ಟ ವಿಷವಾಯು ಇದೇ. ಕದ ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣವನ್ನೇ ತೆಗೆದೀತು. ಹೊಗೆ ಎದ್ದರೆ ಎಲ್ಲವನ್ನೂ ಬಿಟ್ಟು ಬಯಲಿಗೆ ಬರಬೇಕು.

ಆಸಿಡ್ಡನ್ನು ಶರಬತ್ತಿನ ಖಾಲಿ ಸೀಸೆಗೆ ಸುರಿದು ಇಡುವ ರೂಢಿಯನ್ನು ಇಂದೇ ಬಿಡಿರಿ. ತಂದ ಸೀಸೆಯಲ್ಲಿಯೇ, ಅದರ ಚೀಟಿಯೊಡನೆ, ಮಗುವಿನ ಕೈಗೆಟುಕದ ಅಟ್ಟದ ಮೇಲೆ ಇಡಿರಿ. ಒಂದು ವೇಳೆ ಮಗು ಕುಡಿದರೆ ಬಾಯಿಗೆ ಬೆರಳಿಟ್ಟು ಕಾರಿಸಬಾರದು. ಇಳಿಯುವಾಗ ಗಂಟಲನ್ನು ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುತ್ತದೆ. ಹುಳಿಗೆ ಕ್ಷಾರ ಮದ್ದೆಂದು ಬೂದಿಯ ನೀರನ್ನೋ ಸೋಡಾವನ್ನೋ ಕುಡಿಸುವದೂ ಕೂಡದು. ತಡಮಾಡದೆ ಮಗುವನ್ನೂ ಆ ಸೀಸೆಯನ್ನೂ ಕೂಡಿಯೇ ಆಸ್ಪತ್ರೆಗೆ ಒಯ್ಯಿರಿ.