ಗ್ರಾಹಕರ ತೃಪ್ತಿಗೂ ಒಂದು ತಕ್ಕಡಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಬಳಗಾನೂರು, ಸಿಂಧನೂರು ಭಾಗದಲ್ಲಿ ಅಕ್ಕಿಚೀಲ ತೂಗಲು ಕಾಟಾ ಉಂಟು. ಅಕ್ಕಿ ಕೊಂಡವರ ತೃಪ್ತಿಯನ್ನು ಅಳೆಯಲು ಮಾತ್ರ ಮಾಪನಿಯೊಂದನ್ನು ರಚಿಸಿಕೊಳ್ಳಬೇಕಾಗುತ್ತದೆ.

ರಚನೆ: 1932ರಲ್ಲಿ ರೆನ್ಸಿಸ್ ಲಿಕರ್ಟ್ ಮಂಡಿಸಿದ ಕ್ರಮದಂತೆ ಪ್ರತಿ ಹೇಳಿಕೆಗೂ ಐದು ಹಂತಗಳ ಉತ್ತರವಿರಿಸಿ, ಅಂಕಗಳನ್ನು ಕೂಡಲಾಗುತ್ತದೆ. ‘ಅನ್ನ ಉದುರಾಗುತ್ತದೆ’ ಎಂಬುದಕ್ಕೆ ‘ಪೂರ್ಣ ಒಪ್ಪಿಗೆ’ ಎಂದರೆ 5 ಅಂಕ; ‘ನುಚ್ಚು ಹೆಚ್ಚಿದೆ’ ಎಂಬುದಕ್ಕೆ ಅದೇ ಉತ್ತರ ಬಂದರೆ 1 ಅಂಕ. ಈ ತಿರುವು ಮರೆತರೆ ಇಡೀ ಲೆಕ್ಕ ಕೆಡುತ್ತದೆ.

ವಿಶ್ವಾಸಾರ್ಹತೆ: ಹೇಳಿಕೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬುದನ್ನು 1951ರಲ್ಲಿ ಲೀ ಕ್ರಾನ್‌ಬಾಕ್ ವಿವರಿಸಿದ ಆಲ್ಫಾ ಗುಣಾಂಕ ತಿಳಿಸುತ್ತದೆ. ಸಾಮಾನ್ಯವಾಗಿ 0.70 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಪ್ಪತಕ್ಕದ್ದು. ಹೇಳಿಕೆಗಳ ನಡುವಣ ಸರಾಸರಿ ಸಹಸಂಬಂಧ 0.40 ಇದ್ದಾಗ, ಎರಡು ಹೇಳಿಕೆಗಳಿಗೆ ಆಲ್ಫಾ ಸುಮಾರು 0.57, ಐದಕ್ಕೆ 0.77. ಆದುದರಿಂದ ‘ಅಕ್ಕಿ ಹೇಗಿದೆ?’ ಎಂಬ ಒಂದೇ ಪ್ರಶ್ನೆ ಸಾಲದು.

ಸಿಂಧುತ್ವ: ಪ್ರತಿ ಬಾರಿಯೂ ಎರಡು ಕಿಲೋ ಕಡಿಮೆ ತೋರಿಸುವ ಕಾಟಾ ಸ್ಥಿರವಾಗಿರುತ್ತದೆ, ಸರಿಯಾಗಿರುವುದಿಲ್ಲ. ಕಾಯಂ ಗಿರಾಕಿಗಳನ್ನಷ್ಟೇ ಕೇಳಿದ ಪ್ರಶ್ನಾವಳಿಯೂ ಹಾಗೆಯೇ. ಅದನ್ನು ನಂಬಿ ಸಾಲ ತೆಗೆದು ಹೊಸ ಯಂತ್ರ ಕೂರಿಸುವ ಮುನ್ನ, ಖರೀದಿ ನಿಲ್ಲಿಸಿದವರನ್ನೂ ಕೇಳಿ, ಬಂದ ಅಂಕಗಳನ್ನು ಮಾರಾಟದ ಖಾತೆಯೊಡನೆ ತಾಳೆ ನೋಡುವುದು ಲೇಸು.