ಮಾವಿನ ಬುಟ್ಟಾ ಬಿಡಿಸೋಣ: ಕಟ್ಟುವುದು ಯಾವಾಗ, ಬೆಸೆಯುವುದು ಯಾವಾಗ

ಸೇಲಂ, ಧರ್ಮಪುರಿ ನಡುವಿನ ಕಡಯಂಪಟ್ಟಿ ಸೀಮೆಯವರಿಗೆ ಮಾವಿನ ಆಕಾರವನ್ನು ಹೇಳಿಕೊಡಬೇಕಿಲ್ಲ. ತೋಪಿನಲ್ಲಿ ಮಲ್ಗೋವಾ, ಸೀರೆಯ ಅಂಚಿನಲ್ಲಿ ಮಾವಿನ ಬುಟ್ಟಾ. ಸೇಲಂ ಜಿಲ್ಲೆಯಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರು ತಲೆಮಾರುಗಳಿಂದ ಮಗ್ಗ ಹಿಡಿದವರು. ಅಂಥ ಮನೆಯ ಹುಡುಗ ಹುಡುಗಿಯರು ಗ್ರಾಫ್ ಹಾಳೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಲು ಕೂತಾಗ ಎಡವುವುದು ಒಂದೇ ಕಡೆ: ಆಕಾರಗಳನ್ನು ಗುಂಪು ಕಟ್ಟಬೇಕೋ, ಬೆಸೆಯಬೇಕೋ?

ಇಲ್ಲಿ ಬಳಸುವುದು ಇಂಕ್‌ಸ್ಕೇಪ್. 2003ರಲ್ಲಿ ಶುರುವಾದ ಈ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ. ಗ್ರೂಪ್ ಅಂದರೆ ನೂಲಿನ ಲಡಿ ಕಟ್ಟಿದ ಹಾಗೆ. ಎಳೆಗಳು ಬೇರೆ ಬೇರೆಯೇ ಇರುತ್ತವೆ, ಬೇಕೆಂದಾಗ ಬಿಚ್ಚಬಹುದು. ಯೂನಿಯನ್ ಅಂದರೆ ನೆಯ್ದ ಹಾಗೆ. ಹಿಂದಕ್ಕೆ ಹೋಗಲು ಅಂಡೂ ಒಂದೇ ದಾರಿ, ಫೈಲ್ ಮುಚ್ಚಿದರೆ ಅದೂ ಇಲ್ಲ.

ಹಂತ 1. ಇ ಕೀಲಿ ಒತ್ತಿ, ಕಂಟ್ರೋಲ್ ಹಿಡಿದು ಎಳೆದು ಒಂದು ವೃತ್ತ ಬರೆಯಿರಿ. ಇದು ಮಾವಿನ ಹೊಟ್ಟೆ.

ಹಂತ 2. ಬಾಗಿದ ತುದಿಗೆ ಒಂದು ಚಂದ್ರಕಲೆ ಬೇಕು. ಉದ್ದನೆಯ ಅಂಡಾಕಾರ ಬರೆದು, ಕಂಟ್ರೋಲ್ ಮತ್ತು ಡಿ ಒತ್ತಿ ನಕಲು ಮಾಡಿ. ನಕಲು ಮೂಲದ ಮೇಲೆಯೇ ಕೂತಿರುತ್ತದೆ; ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಶಿಫ್ಟ್ ಹಿಡಿದು ಎರಡನ್ನೂ ಆಯ್ದು, ಪಾತ್ ಮೆನುವಿನಲ್ಲಿ ಡಿಫರೆನ್ಸ್ ಒತ್ತಿ. ಇಲ್ಲಿ ಮೇಲಿನ ಆಕಾರ ಕತ್ತರಿ, ಕೆಳಗಿನದು ಬಟ್ಟೆ. ಬೇಡದ ಭಾಗ ಉಳಿದರೆ ಕಂಟ್ರೋಲ್ ಮತ್ತು ಝಡ್ ಒತ್ತಿ ಹಿಂದೆ ಬನ್ನಿ. ಒಂದು ಆಕಾರವನ್ನಷ್ಟೇ ಆಯ್ದು ಪೇಜ್ ಅಪ್ ಅಥವಾ ಪೇಜ್ ಡೌನ್‌ನಿಂದ ಮೇಲೆ ಕೆಳಗೆ ಮಾಡಿ, ಮತ್ತೆ ಪ್ರಯತ್ನಿಸಿ.

ಹಂತ 3. ಚಂದ್ರಕಲೆಯ ಅರ್ಧ ಭಾಗ ವೃತ್ತದೊಳಗೆ ಮುಳುಗಲಿ, ತುದಿ ಮಾತ್ರ ಹೊರಗೆ ಬಾಗಲಿ. ಬೆಸೆಯುವ ಮೊದಲು ಎರಡರದ್ದೂ ಒಂದೊಂದು ನಕಲು ತೆಗೆದು ಪುಟದ ಆಚೆ ಇಡಿ. ಈ ಅಭ್ಯಾಸವನ್ನು ಬಿಡಲೇಬೇಡಿ. ಈಗ ಎರಡನ್ನೂ ಆಯ್ದು ಯೂನಿಯನ್ ಒತ್ತಿ. ಒಳಗಿನ ಗೆರೆಗಳು ಹೋಗಿ ಹೊರಗೆರೆ ಒಂದೇ ಉಳಿಯುತ್ತದೆ, ಬಣ್ಣ ಕೆಳಗಿದ್ದ ಆಕಾರದ್ದು. ಕೂಡುವ ಜಾಗದಲ್ಲಿ ಕಚ್ಚು ಬಿದ್ದಿದ್ದರೆ ಎನ್ ಕೀಲಿ ಒತ್ತಿ, ಅಲ್ಲಿನ ಬಿಂದುಗಳನ್ನು ಎಳೆದು ನಯಗೊಳಿಸಿ.

ಹಂತ 4. ನಡುವೆ ಜರಿ ಇಲ್ಲದೆ ಮೈಬಣ್ಣ ಕಾಣಬೇಕಲ್ಲ? ಮಾವನ್ನು ನಕಲು ಮಾಡಿ, ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಮೂಲೆಯಿಂದ ಕುಗ್ಗಿಸಿ. ಎರಡನ್ನೂ ಆಯ್ದು ಕಂಟ್ರೋಲ್ ಮತ್ತು ಕೆ ಒತ್ತಿ. ಇದು ಕಂಬೈನ್, ಒಂದರೊಳಗೊಂದು ಇರುವ ಜಾಗ ತೂತಾಗುತ್ತದೆ. ಯೂನಿಯನ್ ಒತ್ತಿದ್ದರೆ ಸಣ್ಣ ಮಾವು ದೊಡ್ಡದರಲ್ಲಿ ಕರಗಿಹೋಗುತ್ತಿತ್ತು. ಹೆಸರು ಹತ್ತಿರವಾದರೂ ಕೆಲಸ ಬೇರೆ. ಕಂಬೈನ್ ಮಾಡಿದ್ದನ್ನು ಬ್ರೇಕ್ ಅಪಾರ್ಟ್‌ನಿಂದ ಬಿಡಿಸಬಹುದು.

ಹಂತ 5. ಒಳಗೊಂದು ಚುಕ್ಕಿ, ಮೇಲೆ ಎರಡು ಎಲೆ ಸೇರಿಸಿ. ಎಲ್ಲವನ್ನೂ ಆಯ್ದು ಕಂಟ್ರೋಲ್ ಮತ್ತು ಜಿ ಒತ್ತಿದರೆ ಬುಟ್ಟಾ ಒಂದು ಗುಂಪಾಯಿತು. ಎಳೆದರೆ ಒಟ್ಟಿಗೇ ಬರುತ್ತದೆ. ಎಲೆಯ ಬಣ್ಣ ಬದಲಿಸಲು ಗುಂಪು ಬಿಚ್ಚಬೇಕಿಲ್ಲ, ಎರಡು ಸಲ ಕ್ಲಿಕ್ಕಿಸಿ ಒಳಗೆ ಹೋದರೆ ಸಾಕು.

ಹಂತ 6. ಅಂಚಿನ ಸಾಲಿಗೆ ಮಾಮೂಲಿ ನಕಲು ಬೇಡ. ಆಲ್ಟ್ ಮತ್ತು ಡಿ ಒತ್ತಿ ಕ್ಲೋನ್ ಮಾಡಿ. ನೇಯುವವರು ‘ಎಲೆ ಸಣ್ಣದಾಯಿತು’ ಅಂದರೆ ಮೂಲ ಬುಟ್ಟಾದ ಒಳಗೆ ಹೋಗಿ ಎಲೆಯನ್ನು ತಿದ್ದಿ, ಇಡೀ ಸಾಲು ತಾನೇ ಬದಲಾಗುತ್ತದೆ. ನನಗೆ ಈ ತಂತ್ರಾಂಶದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಒಂದು ಬಿಟ್ಟು ಒಂದನ್ನು ಎಚ್ ಒತ್ತಿ ತಿರುಗಿಸಿದರೆ ಮಾವುಗಳು ಎದುರುಬದುರಾಗಿ ನಿಲ್ಲುತ್ತವೆ.

ಜಕಾರ್ಡ್ ಕಾರ್ಡಿಗೆ ಹೋಗುವ ಮೊದಲು ಈ ಚಿತ್ರ ಚೌಕಗಳಾಗಿ ಒಡೆಯುತ್ತದೆ. ಒಂದು ಚೌಕಕ್ಕಿಂತ ಸಣ್ಣ ತೂತು ಬಟ್ಟೆಯಲ್ಲಿ ಕಾಣುವುದಿಲ್ಲ, ಹಾಗಾಗಿ ಒಳಗಿನ ಜಾಗವನ್ನು ಧಾರಾಳವಾಗಿಯೇ ಬಿಡಿ.

ಮನೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಸೀರೆ ಇದ್ದರೆ ಮೊದಲು ಅದರ ಅಂಚನ್ನೇ ಬಿಡಿಸಿ. ನೂಲು ಪಿಸಿಯುವ ಮುಂಚೆ ಆ ನಕ್ಷೆ ನಿಮ್ಮ ಕಡತದಲ್ಲಿ ಇರಲಿ.